ಲೆಪರ್ಡ್ ರ್ಯಾಸ್ ಸಾಕುವುದು: ಮರಳು, ಹುಳ, ಆಮೇಲೆ ಕೈಕಟ್ಟಿ ಕೂರುವ ಎರಡು ವಾರ

ಹವಳದ ಟ್ಯಾಂಕಿನಲ್ಲಿ ಸಾಕುವ ಸಮುದ್ರದ ಮೀನು ಲೆಪರ್ಡ್ ರ್ಯಾಸ್. ನನ್ನ ಮೊದಲನೆಯದು ಬದುಕಿದ್ದು ಒಂಬತ್ತು ದಿನ. ರೋಗ ಬಂದಿರಲಿಲ್ಲ, ನೀರೂ ಕೆಟ್ಟಿರಲಿಲ್ಲ. ಕೊಂದಿದ್ದು ನಾನೇ. ಟ್ಯಾಂಕಿಗೆ ಬಿಟ್ಟ ಕ್ಷಣ ಮೀನು ಮರಳೊಳಗೆ ಹೊಕ್ಕಿತು. ಒಂದು ದಿನ ಕಾದೆ, ಎರಡು ದಿನ ಕಾದೆ. ನಾಲ್ಕನೇ ದಿನ ಇದು ಸತ್ತೇ ಹೋಗಿರಬೇಕು, ಒಳಗೇ ಕೊಳೆತು ಅಮೋನಿಯಾ ಏರಿದರೆ ಇಷ್ಟು ವರ್ಷ ಬೆಳೆಸಿದ ಹವಳವೆಲ್ಲ ಹೋಗುತ್ತದೆ ಅಂತ ಗಾಬರಿಯಾಗಿ ಉದ್ದ ಇಕ್ಕಳ ತಗೊಂಡು ಮರಳು ಕೆದಕಿದೆ. ಮೀನು ಬದುಕಿತ್ತು. ಬಾಣದ ಹಾಗೆ ಹೊರಗೆ ಬಂದು ನೇರ ಗಾಜಿಗೆ ಮೂತಿ ಹೊಡೆದುಕೊಂಡಿತು. ಮೂತಿ ಊದಿಕೊಂಡು, ತಿನ್ನಲಾಗದೆ, ಐದು ದಿನಕ್ಕೆ ಹೋಯಿತು.

ಈಗ ನನ್ನ ಹತ್ತಿರ ಇರುವ ಹೆಣ್ಣಿಗೆ ಮೂರು ವರ್ಷ ದಾಟಿದೆ. ಮೊದಲನೆಯದಕ್ಕೂ ಇದಕ್ಕೂ ನಡುವೆ ನಾನು ಹೊಸ ಯಂತ್ರವೇನೂ ಕೊಂಡಿಲ್ಲ. ಮೀನು ತರುವುದಕ್ಕೆ ಮುಂಚೆ ಮಾಡಬೇಕಾದ ಕೆಲಸವನ್ನು ಮುಂಚೆಯೇ ಮಾಡಿದೆ, ತಂದ ಮೇಲೆ ಏನೂ ಮಾಡದೆ ಕೂತೆ. ಅಷ್ಟೇ ವ್ಯತ್ಯಾಸ. ಈ ಬರಹದಲ್ಲಿ ಅರ್ಧಕ್ಕಿಂತ ಜಾಸ್ತಿ ಮೀನು ಮನೆಗೆ ಬರುವ ಮುಂಚಿನ ಮಾತೇ ಇದೆ, ಬೇಜಾರು ಮಾಡ್ಕೋಬೇಡಿ.

1. ಮೊದಲು ಮೀನು ಏನು ತಿನ್ನುತ್ತದೆ ಅಂತ ತಿಳಿದುಕೊಳ್ಳಿ

ಲೆಪರ್ಡ್ ರ್ಯಾಸ್ ಅಂದರೆ ಒಂದೇ ಮೀನಲ್ಲ, ಮ್ಯಾಕ್ರೊಫ್ಯಾರಿಂಗೊಡಾನ್ ಎಂಬ ಕುಲದ ಹಲವು ಮೀನುಗಳು. ಹೆಸರಿನ ಅರ್ಥವೇ ಗಂಟಲಲ್ಲಿ ದೊಡ್ಡ ಹಲ್ಲಿರುವುದು ಅಂತ. ಸಮುದ್ರದಲ್ಲಿ ಇವು ಬೆಳಗಿನಿಂದ ಸಂಜೆಯವರೆಗೆ ಬಂಡೆಯ ಮೇಲೆ, ಮರಳಿನ ಮೇಲೆ ತಲೆ ಬಗ್ಗಿಸಿ ಹುಡುಕುತ್ತಲೇ ಇರುತ್ತವೆ. ಸಣ್ಣ ಬಸವನಹುಳು, ಫೊರಾಮಿನಿಫೆರಾ ಎಂಬ ಚಿಪ್ಪಿರುವ ಏಕಕೋಶ ಜೀವಿ, ಕೋಪೆಪಾಡ್, ಆಂಫಿಪಾಡ್ ಎಂಬ ಸೀಗಡಿಯ ಬಳಗದ ಪುಟಾಣಿ ಜೀವಿಗಳು (ಮುಂದೆ ಮೀನಿನ ಊಟಕ್ಕೆ ಹುಳ ಅಂದಾಗಲೆಲ್ಲ ಇವೇ) ಇವೆಲ್ಲ ಸಿಕ್ಕರೆ ಹೆಕ್ಕಿ, ಗಂಟಲ ಹಲ್ಲಲ್ಲಿ ಪುಡಿ ಮಾಡಿ ನುಂಗುತ್ತವೆ. ಹೊತ್ತಿಗೊಂದು ಊಟ ಅನ್ನುವ ಪದ್ಧತಿ ಇವಕ್ಕಿಲ್ಲ. ದಿನವಿಡೀ ಕುರುಕಲು. ಹಾಗಾಗಿ ಬೆಳಗ್ಗೆ ಒಮ್ಮೆ ಆಹಾರ ಹಾಕಿ ಆಫೀಸಿಗೆ ಹೋಗುವವರ ಮನೆಯಲ್ಲಿ ಇವು ನಿಧಾನವಾಗಿ ಹಸಿದು ಸಾಯುತ್ತವೆ. ಲೆಪರ್ಡ್ ಸಾಯುವುದಕ್ಕೆ ದೊಡ್ಡ ಕಾರಣ ಹಸಿವೇ.

ಸಿಗುವವುಗಳಲ್ಲಿ ಮೆಲಿಯಾಗ್ರಿಸ್ ಸಾಮಾನ್ಯ. ಹೆಣ್ಣು ಬಿಳಿ ಮೈ ಮೇಲೆ ಕಪ್ಪು ಮಚ್ಚೆ, ಅಕ್ಷರಶಃ ಚಿರತೆ. 15 ಸೆಂ.ಮೀ. ತನಕ ಬೆಳೆಯುತ್ತದೆ. ಬ್ಲೂ ಸ್ಟಾರ್ ಅಂತ ಮಾರುವುದು ಬೈಪಾರ್ಟಿಟಸ್. ಪೂರ್ವ ಆಫ್ರಿಕಾ, ಮಡಗಾಸ್ಕರ್, ಮಾರಿಷಸ್, ಮಾಲ್ಡೀವ್ಸ್ ಕಡೆಯದು, 13 ಸೆಂ.ಮೀ. ಆಗುತ್ತದೆ. ಅದರ ಹೆಣ್ಣು ಕಿತ್ತಳೆ ಬಣ್ಣ, ಎದೆ ಕಪ್ಪು, ಅದರ ಮೇಲೆ ನೀಲಿ ಮಚ್ಚೆ. ನೋಡಿದರೆ ಬಿಡಲು ಮನಸ್ಸಾಗಲ್ಲ. ಆರ್ನೇಟಸ್, ಕಪ್ಪು ಲೆಪರ್ಡ್ ಅನ್ನುವ ನೆಗ್ರೊಸೆನ್ಸಿಸ್ ಕೂಡ ಆಗಾಗ ಬರುತ್ತವೆ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಕಡೆಯ ಚೋಟಿ ಬಗ್ಗೆ ಈಗಲೇ ಯೋಚಿಸಬೇಡಿ, ಅದರ ದುಡ್ಡಲ್ಲಿ ಸ್ಕೂಟರ್ ಸರ್ವಿಸ್ ಮಾಡಿಸಿ ಇನ್ನೊಂದು ಟ್ಯಾಂಕೂ ಇಡಬಹುದು. ಮೊದಲ ಸಲಕ್ಕೆ ಮೆಲಿಯಾಗ್ರಿಸ್ ಅಥವಾ ಬೈಪಾರ್ಟಿಟಸ್, ಅದೂ ಹೆಣ್ಣು ಸಾಕು.

ಹವಳಕ್ಕೆ ಇವುಗಳಿಂದ ತೊಂದರೆ ಇಲ್ಲ. ಉಲ್ಟಾ, ಚಪ್ಪಟೆ ಹುಳಗಳನ್ನೂ ಕ್ಲ್ಯಾಮ್‌ಗಳ ರಕ್ತ ಹೀರುವ ಪಿರಮಿಡ್ ಬಸವನಹುಳುಗಳನ್ನೂ ಹೆಕ್ಕಿ ಉಪಕಾರವನ್ನೇ ಮಾಡುತ್ತವೆ.

2. ಟ್ಯಾಂಕಿಗೆ ವಯಸ್ಸಾಗಿರಲಿ

4 ಅಡಿ ಟ್ಯಾಂಕ್, ಅಂದಾಜು 250 ಲೀಟರ್, ಇದಕ್ಕಿಂತ ಕಡಿಮೆಯಲ್ಲಿ ನಾನು ಇಡುವುದಿಲ್ಲ. ನೀರಿನ ಗಾತ್ರಕ್ಕಿಂತ ಮುಖ್ಯ ಎಂದರೆ ಬಂಡೆಯ ಮೇಲ್ಮೈ, ಅಂದರೆ ಮೀನು ಮೇಯುವ ಹೊಲ. ಹೊಸ ಟ್ಯಾಂಕಿನಲ್ಲಿ ಅಮೋನಿಯಾ, ನೈಟ್ರೈಟ್ ಸೊನ್ನೆ ಆಗಲು ಐದಾರು ವಾರ ಸಾಕು, ಆದರೆ ಆಗ ಆ ಬಂಡೆಯಲ್ಲಿ ಬ್ಯಾಕ್ಟೀರಿಯಾ ಬಿಟ್ಟರೆ ಬೇರೇನೂ ಇರಲ್ಲ. ಲೆಪರ್ಡ್‌ಗೆ ಕನಿಷ್ಠ ಎಂಟು ತಿಂಗಳು, ಸಾಧ್ಯವಾದರೆ ಒಂದು ವರ್ಷ ಹಳೆಯ ಟ್ಯಾಂಕ್ ಬೇಕು.

ಹುಳ ಬೇಗ ಬರಲಿ ಅಂತ ನಮ್ಮ ಸಮುದ್ರದಿಂದ ಕಿತ್ತ ಲೈವ್ ರಾಕ್, ಅಂದರೆ ಜೀವಿಗಳು ತುಂಬಿದ ಹವಳದ ಬಂಡೆ, ತಂದುಕೊಡುತ್ತೇನೆ ಅನ್ನುವವರು ಸಿಗುತ್ತಾರೆ. ಬೇಡ. 1972ರ ವನ್ಯಜೀವಿ ಕಾಯ್ದೆಯ ಶೆಡ್ಯೂಲ್ 1ಕ್ಕೆ 2001ರಲ್ಲಿ ಕಲ್ಲುಹವಳಗಳನ್ನೆಲ್ಲ ಸೇರಿಸಿದ್ದಾರೆ, ಹುಲಿಗಿರುವ ರಕ್ಷಣೆಯೇ ಅದಕ್ಕೂ ಇದೆ. ಒಣ ಬಂಡೆಯಲ್ಲೇ ಶುರು ಮಾಡಿ, ಹಳೆಯ ಟ್ಯಾಂಕ್ ಇರುವ ಗೆಳೆಯರಿಂದ ಎರಡು ಹಿಡಿ ಮರಳು, ಒಂದು ಗೊಂಚಲು ಕೀಟೊ ಪಾಚಿ ಕೇಳಿ ತನ್ನಿ. ಯಾರೂ ಇಲ್ಲ ಅನ್ನಲ್ಲ. ಹಾಗೆ ತರುವಾಗ ಆ ಟ್ಯಾಂಕಿನ ಮೀನುಗಳಿಗೆ ಇತ್ತೀಚೆಗೆ ರೋಗ ಬಂದಿತ್ತಾ ಅಂತ ಮಾತ್ರ ಕೇಳಿಕೊಳ್ಳಿ.

ಹುಳ ಸಾಕಷ್ಟಿದೆಯಾ ಅಂತ ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ದೀಪ ಆರಿಸಿ ಎರಡು ಗಂಟೆ ಬಿಟ್ಟು ಟಾರ್ಚ್ ಹಿಡಿದು ಗಾಜು ನೋಡಿ. ಎಳ್ಳಿನ ಪುಡಿಯಂಥ ಬಿಳಿ ಚುಕ್ಕೆಗಳು ಗಾಜಿನ ಮೇಲೆ ಎಲ್ಲ ಕಡೆ ಓಡಾಡುತ್ತಿರಬೇಕು. ಹುಡುಕಿ ಎಣಿಸುವಷ್ಟೇ ಇದ್ದರೆ ಇನ್ನೂ ಮೂರು ತಿಂಗಳು ಕಾಯಿರಿ. ಇನ್ನೊಂದು ದಾರಿ: ಮುಷ್ಟಿಯಷ್ಟು ಒರಟು ಫಿಲ್ಟರ್ ಸ್ಪಂಜನ್ನು ಬಂಡೆಯ ಹಿಂದೆ ಎರಡು ವಾರ ಸಿಕ್ಕಿಸಿ ಇಡಿ, ಆಮೇಲೆ ಟ್ಯಾಂಕಿನದೇ ನೀರು ತುಂಬಿದ ಬಿಳಿ ಬಟ್ಟಲಿನಲ್ಲಿ ಕೊಡವಿ. ಏನೆಲ್ಲ ಉದುರುತ್ತದೆ ನೋಡಿ. ಅದೇ ನಿಮ್ಮ ಮೀನಿನ ಊಟದ ಡಬ್ಬಿ.

3. ಮರಳು, ಇಲ್ಲಿ ಕಂಜೂಸುತನ ಬೇಡ

ಈ ಮೀನು ರಾತ್ರಿ ಮಲಗುವುದು ಮರಳಿನೊಳಗೆ. ಹೆದರಿದರೂ ಮರಳೊಳಗೆ. ಮರಳಿಲ್ಲದ ಟ್ಯಾಂಕಿನಲ್ಲಿ ಬರೀ ಗಾಜಿಗೆ ಧುಮುಕಿ ಮೂತಿ, ಬೆನ್ನುಮೂಳೆ ಕೆಡಿಸಿಕೊಳ್ಳುತ್ತದೆ. ತಳಕ್ಕೆ ಮರಳು ಹಾಕದ ಟ್ಯಾಂಕ್ ಈಗಿನ ಫ್ಯಾಷನ್, ನೋಡಲು ಚೆಂದವೇ, ಆದರೆ ಅಂಥವರು ಬೇರೆ ಮೀನು ನೋಡಿಕೊಳ್ಳಲಿ.

ಕಣದ ಗಾತ್ರ ಅರ್ಧದಿಂದ ಒಂದು ಮಿ.ಮೀ. ಉಪ್ಪಿಟ್ಟಿನ ರವೆ ಇದೆಯಲ್ಲ, ಹೆಚ್ಚುಕಡಿಮೆ ಅದು. ಚಿರೋಟಿ ರವೆಯಷ್ಟು ನುಣ್ಣಗಿದ್ದರೆ ಪಂಪಿನ ಸೆಳೆತಕ್ಕೆ ಹಾರಿ ಹವಳದ ಮೇಲೆ ಕೂರುತ್ತದೆ. ಸಬ್ಬಕ್ಕಿಯಷ್ಟು ದಪ್ಪ ಇದ್ದರೆ, ಚೂಪು ತುಂಡುಗಳ ಪುಡಿ ಹವಳವಾದರೆ, ಮೈ ತರಚುತ್ತದೆ, ತರಚಿದ ಕಡೆ ಸೋಂಕು ಹಿಡಿಯುತ್ತದೆ. ಅರಗೊನೈಟ್ ಎಂಬ ಸುಣ್ಣದಂಶದ ಮರಳೇ ತಗೊಳ್ಳಿ. ಮಲ್ಪೆಯಿಂದಲೋ ಕಾರವಾರದಿಂದಲೋ ಒಂದು ಚೀಲ ಮರಳು ತುಂಬಿಕೊಂಡು ಬರುವ ಆಸೆ ನನಗೂ ಆಗಿತ್ತು, ಆದರೆ ಅದರ ಜೊತೆ ಬರುವ ಎಣ್ಣೆ, ಕೊಳೆ ಯಾರು ತೊಳೆಯೋದು?

ಆಳ 5 ರಿಂದ 7 ಸೆಂ.ಮೀ. ಲೆಕ್ಕ ಹೀಗೆ: ತಳ 120 ಸೆಂ.ಮೀ. ಉದ್ದ, 45 ಅಗಲ, 5 ಆಳ ಅಂದರೆ 27 ಲೀಟರ್ ಮರಳು. ಲೀಟರಿಗೆ ಒಂದೂವರೆ ಕೆ.ಜಿ. ಹಿಡಿದರೆ 40 ಕೆ.ಜಿ. ದುಬಾರಿ, ಗೊತ್ತು. ಪೂರ್ತಿ ತಳಕ್ಕೆ ಆಗದಿದ್ದರೆ ಸೆಳೆತ ಕಡಿಮೆ ಇರುವ ಒಂದು ಮೂಲೆಯಲ್ಲಿ ಒಂದಡಿ ಚದರದಷ್ಟಾದರೂ ಆಳವಾಗಿ ಹಾಕಿ.

ಮರಳು ಹಾಕುವ ಮುಂಚೆ ಬಂಡೆಗಳನ್ನು ನೇರ ಗಾಜಿನ ಮೇಲೆ ಕೂರಿಸಿ, ಆಮೇಲೆ ಸುತ್ತ ಮರಳು ಸುರಿಯಿರಿ. ಮರಳ ಮೇಲೆ ಬಂಡೆ ಇಟ್ಟರೆ ಮೀನು ಅಡಿಯಲ್ಲಿ ತೂರಿಕೊಂಡ ದಿನ ಬಂಡೆ ಕುಸಿಯುತ್ತದೆ, ಕೆಳಗಿರುವುದು ಯಾರು ಅಂತ ಹೇಳಬೇಕಿಲ್ಲ. ಮರಳು ಜರಡಿ ಹಿಡಿಯುವ ನಕ್ಷತ್ರ ಮೀನನ್ನು ಬಿಡಬೇಡಿ. ಅದು ಮರಳಿನ ಹುಳವನ್ನೆಲ್ಲ ಖಾಲಿ ಮಾಡಿ, ಕೊನೆಗೆ ತಾನೂ ಹಸಿದು ಸಾಯುತ್ತದೆ. ಮೀನು ಮಲಗುವ ಮೂಲೆಗೆ ಸೈಫನ್ ಪೈಪು ತಾಗಿಸುವುದೂ ಬೇಡ.

4. ಹುಳ ಬೆಳೆಸುವುದು

ಸಂಪ್‌ನಲ್ಲಿ (ಟ್ಯಾಂಕಿನ ಕೆಳಗೆ ಇಡುವ ಫಿಲ್ಟರ್ ತೊಟ್ಟಿ) ಒಂದು ಖಾನೆಯನ್ನು ರೆಫ್ಯೂಜಿಯಂಗೆ, ಅಂದರೆ ಮೀನಿನ ಕಾಟವಿಲ್ಲದೆ ಹುಳ ಬೆಳೆಯುವ ಜಾಗಕ್ಕೆ, ಬಿಡಿ. ಕೀಟೊ ಪಾಚಿ, ನಾಲ್ಕಾರು ಕಲ್ಲುಚೂರು, ಮೇಲೊಂದು ಸಾದಾ ಎಲ್‌ಇಡಿ ದೀಪ. ಮೇಲಿನ ಟ್ಯಾಂಕಿಗೆ ಕತ್ತಲಾದಾಗ ಇಲ್ಲಿ ಬೆಳಕಾಗುವ ಹಾಗೆ ಟೈಮರ್ ಇಡಿ, ರಾತ್ರಿ ಪಿಎಚ್ ಬೀಳುವುದೂ ಕಡಿಮೆಯಾಗುತ್ತದೆ. ಟಿಸ್ಬೆ ಜಾತಿಯ ಕೋಪೆಪಾಡ್ ಬಾಟಲಿ ಸಿಕ್ಕರೆ ಅರ್ಧ ಇಲ್ಲಿ, ಅರ್ಧ ಟ್ಯಾಂಕಿಗೆ, ದೀಪ ಆರಿಸಿ ಪಂಪು ನಿಲ್ಲಿಸಿ ಹಾಕಿ. ಹಗಲಲ್ಲಿ ಹಾಕಿದರೆ ಅದು ಉಳಿದ ಮೀನುಗಳಿಗೆ ದುಬಾರಿ ಚುರುಮುರಿ ಅಷ್ಟೇ. ವಾರಕ್ಕೆರಡು ಸಲ ಸ್ವಲ್ಪ ಹಸಿರು ಫೈಟೊ, ಅಂದರೆ ನೀರಲ್ಲಿ ತೇಲುವ ಸೂಕ್ಷ್ಮ ಪಾಚಿ, ಹಾಕಿದರೆ ಹುಳದ ಸಂಖ್ಯೆ ಇಳಿಯದೆ ಉಳಿಯುತ್ತದೆ.

ಮ್ಯಾಂಡರಿನ್ ಮೀನು ಇರುವ ಟ್ಯಾಂಕಿಗೆ ಲೆಪರ್ಡ್ ತರುವ ಮುಂಚೆ ಎರಡು ಸಲ ಯೋಚಿಸಿ. ಇಬ್ಬರದೂ ಒಂದೇ ತಟ್ಟೆ. 250 ಲೀಟರಿನಲ್ಲಿ ಇಬ್ಬರಿಗೂ ಸಾಲಲ್ಲ.

5. ನೀರು, ಬಿಸಿಲು, ಕರೆಂಟು

ಉಪ್ಪಿನಂಶ (ಸಾಪೇಕ್ಷ ಸಾಂದ್ರತೆಯ ಲೆಕ್ಕದಲ್ಲಿ) 1.025, ಉಷ್ಣತೆ 25 ರಿಂದ 26 ಡಿಗ್ರಿ, ಕ್ಷಾರತೆ 8 ರಿಂದ 9 ಡಿಕೆಎಚ್, ನೈಟ್ರೇಟ್ 2 ರಿಂದ 10 ಪಿಪಿಎಂ, ಫಾಸ್ಫೇಟ್ 0.03 ರಿಂದ 0.1 ಪಿಪಿಎಂ. ಹವಳಕ್ಕೆ ಸರಿಯಿರುವುದೇ ಇದಕ್ಕೂ ಸರಿ. ನೈಟ್ರೇಟ್ ಸೊನ್ನೆ ಮಾಡಲು ಹೋಗಬೇಡಿ, ಪೂರ್ತಿ ಶುದ್ಧವಾದ ನೀರಲ್ಲಿ ಹುಳವೂ ಬೆಳೆಯಲ್ಲ.

ಬೋರ್‌ವೆಲ್ ನೀರಾಗಲಿ ಟ್ಯಾಂಕರ್ ನೀರಾಗಲಿ ಕಾವೇರಿ ನೀರಾಗಲಿ, ಆರ್‌ಓ ಜೊತೆಗೆ ಡಿಐ (ಉಳಿದ ಲವಣವನ್ನೂ ಹಿಡಿಯುವ ಫಿಲ್ಟರ್) ದಾಟಿ ಟಿಡಿಎಸ್ ಮೀಟರಿನಲ್ಲಿ ಸೊನ್ನೆ ಬರಬೇಕು. ಕುಡಿಯುವ ನೀರಿನ ಆರ್‌ಓ ಯಂತ್ರದಲ್ಲಿ ರುಚಿಗೆ ಅಂತ ಖನಿಜ ಮತ್ತೆ ಸೇರಿಸುತ್ತಾರೆ, ಅದು ಆಗಲ್ಲ.

ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಗಾಳಿ ಒಣಗಿರುವುದರಿಂದ ನೀರಿನ ಮೇಲೆ ಎರಡು ಸಣ್ಣ ಫ್ಯಾನ್ ಬಿಟ್ಟರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಮಂಗಳೂರು, ಉಡುಪಿಯಲ್ಲಿ ಆ ಆಟ ನಡೆಯಲ್ಲ. ಅಲ್ಲಿ ಗಾಳಿಯಲ್ಲೇ ನೀರಿದೆ, ಚಿಲ್ಲರ್ ಬೇಕೇ ಬೇಕು. ಫ್ಯಾನ್ ಹಾಕಿದವರು ದಿನಾ ಆವಿಯಾಗುವ ನಾಲ್ಕೈದು ಲೀಟರಿಗೆ ಸಿಹಿನೀರು ತಾನೇ ತುಂಬಿಕೊಳ್ಳುವ ಹಾಗೆ ಆಟೋ ಟಾಪ್‌ಆಫ್ ಇಡಿ, ಇಲ್ಲದಿದ್ದರೆ ಸಂಜೆಯೊಳಗೆ ಉಪ್ಪು ಏರಿರುತ್ತದೆ. ಕರೆಂಟು ಹೋದಾಗ ತಾನೇ ಶುರುವಾಗುವ ಬ್ಯಾಟರಿ ಏರ್ ಪಂಪ್ ಒಂದು ಇರಲಿ. ರಾತ್ರಿ ಹವಳ, ಪಾಚಿ, ಮೀನು ಎಲ್ಲವೂ ಆಮ್ಲಜನಕ ಎಳೆಯುವವೇ, ಕೊಡುವವರು ಯಾರೂ ಇಲ್ಲ.

6. ಮುಚ್ಚಳ

ರ್ಯಾಸ್ ಹಾರುತ್ತದೆ. ಲೆಪರ್ಡ್ ಬೇರೆ ರ್ಯಾಸ್‌ಗಳಷ್ಟು ಹಾರಲ್ಲ ಅನ್ನುವುದು ನಿಜ, ಆದರೆ ಒಂದೇ ಒಂದು ಸಲ ಹಾರಿದರೂ ಸಾಕಲ್ವಾ. ಬಾಲ್ಕನಿಗೆ ಕಟ್ಟುವ ಪಾರಿವಾಳದ ನೆಟ್ ತಂದು ಹಾಕಿದವರನ್ನು ನೋಡಿದ್ದೇನೆ, ಅದರ ಕಣ್ಣಿನಲ್ಲಿ ಲೆಪರ್ಡ್ ಸಲೀಸಾಗಿ ತೂರುತ್ತದೆ. 6 ಮಿ.ಮೀ. ಕಣ್ಣಿನ ಪಾರದರ್ಶಕ ಜಾಲರಿಯನ್ನು ಕಿಟಕಿಯ ಸೊಳ್ಳೆ ಪರದೆಗೆ ಹಾಕುವ ಅಲ್ಯೂಮಿನಿಯಂ ಫ್ರೇಮಿಗೆ ಬಿಗಿಸಿ. ಪೈಪು, ವೈರು ಬರುವ ಕಡೆ ಉಳಿಯುವ ಸಂದು ಮರೆಯಬೇಡಿ. ಮೀನು ಹುಡುಕಿ ಹುಡುಕಿ ಅದೇ ಸಂದಿನಲ್ಲಿ ಹಾರುತ್ತದೆ.

7. ಜೊತೆಗಾರರು

ಸಿಕ್ಸ್‌ಲೈನ್ ರ್ಯಾಸ್ ಇದ್ದರೆ ಲೆಪರ್ಡ್ ಬೇಡ. ಡಾಟಿಬ್ಯಾಕ್, ಜಗಳಗಂಟ ಡ್ಯಾಮ್ಸೆಲ್ ಇದ್ದರೂ ಬೇಡ. ಹೊಸದಾಗಿ ಬಂದ ಲೆಪರ್ಡ್ ತಲೆ ಹೊರಗೆ ಹಾಕಿದಾಗಲೆಲ್ಲ ಯಾರಾದರೂ ಅಟ್ಟಿಸಿದರೆ ಅದು ಮರಳಲ್ಲೇ ಉಳಿದು ಉಪವಾಸ ಬೀಳುತ್ತದೆ. ಆಸೆಲ್ಲಾರಿಸ್ ಕ್ಲೌನ್, ಕಾರ್ಡಿನಲ್, ಫೈರ್‌ಫಿಶ್, ಸಣ್ಣ ಗೋಬಿ ಇವರೆಲ್ಲ ಒಳ್ಳೆಯ ನೆರೆಹೊರೆ.

8. ಅಂಗಡಿಯಲ್ಲಿ ಏನು ನೋಡಬೇಕು

ಮೀನು ಬಂದು ಎಷ್ಟು ದಿನವಾಯಿತು ಅಂತ ಕೇಳಿ. ಒಂದು ವಾರಕ್ಕಿಂತ ಕಡಿಮೆ ಅಂದರೆ ಮುಂಗಡ ಕೊಟ್ಟು ಅಲ್ಲೇ ಬಿಟ್ಟು ಬನ್ನಿ. ಅದರ ಟ್ಯಾಂಕಿನಲ್ಲಿ ಒಂದು ಡಬ್ಬಿ ಮರಳಾದರೂ ಇದೆಯಾ ನೋಡಿ. ಇಲ್ಲದಿದ್ದರೆ ನಾನು ತಗೊಳ್ಳಲ್ಲ, ಎಷ್ಟೇ ಕಡಿಮೆಗೆ ಕೊಡಲಿ.

ಆಮೇಲೆ ಮೀನನ್ನು ಮುಂದಿನಿಂದ ನೋಡಿ, ಪಕ್ಕದಿಂದಲ್ಲ. ತಲೆಯ ಹಿಂದೆ ಬೆನ್ನಿನ ಮಾಂಸ ಒಳಗೆ ಕುಸಿದು ಕತ್ತಿಯ ಅಲುಗಿನ ಹಾಗೆ ಕಂಡರೆ ಅದು ತುಂಬಾ ದಿನದ ಹಸಿವು, ಮತ್ತೆ ಮೇಲೇಳುವುದು ಕಷ್ಟ. ಹೊಟ್ಟೆ ಮಾತ್ರ ಸ್ವಲ್ಪ ಒಳಗಿದ್ದರೆ ಪರವಾಗಿಲ್ಲ. ಮೂತಿ ಕೆಂಪಾಗಿ ಊದಿರಬಾರದು, ಬೆನ್ನು ಸೊಟ್ಟ ಇರಬಾರದು. ಕಣ್ಣು ತಿರುಗುತ್ತಿರಬೇಕು, ಒಂದೊಂದು ಕಣ್ಣು ಒಂದೊಂದು ಕಡೆ ಸುತ್ತಿ ಬಂಡೆ ತಡಕುವುದು ಈ ಮೀನಿನ ಆರೋಗ್ಯದ ಗುರುತು. ಕೊನೆಗೆ, ನಿಮ್ಮ ಕಣ್ಣೆದುರೇ ತಿನ್ನಿಸಿ ತೋರಿಸಲು ಹೇಳಿ. ಬಾಯಿಗೆ ಹಾಕಿ ಉಗುಳಿದರೆ ಅದು ತಿಂದ ಲೆಕ್ಕವಲ್ಲ.

9. ಕ್ವಾರಂಟೈನ್, ನನ್ನ ರೀತಿ

ಇದರಲ್ಲಿ ಜಗಳ ಜಾಸ್ತಿ. ಕೆಲವರು ಎಲ್ಲ ಮೀನಿಗೂ ತಾಮ್ರದ ಔಷಧಿ ಹಾಕಿಯೇ ಒಳಗೆ ಬಿಡುತ್ತಾರೆ, ಕೆಲವರು ಲೆಪರ್ಡ್‌ಗೆ ಆ ಹಿಂಸೆಯೇ ಬೇಡ ಅಂತ ನೇರ ಟ್ಯಾಂಕಿಗೆ ಬಿಡುತ್ತಾರೆ. ನಾನು ನಡುವಿನ ದಾರಿ ಹಿಡಿದಿದ್ದೇನೆ.

60 ರಿಂದ 80 ಲೀಟರಿನ ಸಣ್ಣ ಟ್ಯಾಂಕ್. ಒಂದು ತಿಂಗಳು ದೊಡ್ಡ ಟ್ಯಾಂಕಿನ ಸಂಪ್‌ನಲ್ಲಿ ಪಳಗಿಸಿದ ಸ್ಪಂಜ್ ಫಿಲ್ಟರ್. ಎರಡು ಪಿವಿಸಿ ಪೈಪ್ ತುಂಡು. ಪ್ಲಾಸ್ಟಿಕ್ ಡಬ್ಬಿಯಲ್ಲಿ 6 ಸೆಂ.ಮೀ. ಮರಳು. ಮೇಲೆ ಜಾಲರಿ. ಮೂರು ಕಡೆ ಗಾಜಿಗೆ ಕಪ್ಪು ಕಾಗದ. ಮನೆಯ ಓಡಾಟ ಕಡಿಮೆ ಇರುವ ಕೋಣೆ. ಇಲ್ಲಿ ನಾಲ್ಕು ವಾರ.

ಮೊದಲ ಕೆಲಸ ಔಷಧಿಯಲ್ಲ, ಊಟ. ಮೀನು ದಿನಾ ಸರಿಯಾಗಿ ತಿನ್ನಲು ಶುರುಮಾಡಿದ ಮೇಲೆ ಪ್ರಾಜಿಕ್ವಾಂಟೆಲ್, ಲೀಟರಿಗೆ 2 ರಿಂದ 2.5 ಮಿಲಿಗ್ರಾಂ, ವಾರ ಬಿಟ್ಟು ಇನ್ನೊಂದು ಸಲ. ಚರ್ಮಕ್ಕೆ, ಕಿವಿರಿಗೆ ಅಂಟುವ ಫ್ಲೂಕ್ ಹುಳಕ್ಕೆ ಇದು. ಈ ಔಷಧಿ ಹಾಕಿದಾಗ ನೀರಲ್ಲಿ ಬ್ಯಾಕ್ಟೀರಿಯಾ ಏರಿ ಆಮ್ಲಜನಕ ಕಡಿಮೆಯಾಗುತ್ತದೆ, ಏರ್ ಸ್ಟೋನ್ ಜೋರಾಗಿ ಬಿಡಿ. ಚೆನ್ನಾಗಿ ತಿಂದೂ ದಿನದಿನಕ್ಕೆ ಸೊರಗುತ್ತಿದ್ದರೆ, ಹಿಕ್ಕೆ ಬಿಳಿ ದಾರದಂತೆ ನೇತಾಡಿದರೆ, ಹೊಟ್ಟೆಯೊಳಗೆ ಹುಳ ಇದೆ. ಸಮುದ್ರದಿಂದ ಹಿಡಿದು ತಂದ ಲೆಪರ್ಡ್‌ಗಳಲ್ಲಿ ಇದು ಮಾಮೂಲಿ. ಇದಕ್ಕೆ ಫೆನ್‌ಬೆಂಡಜೋಲನ್ನು ಆಹಾರದಲ್ಲಿ ಕಲಸಿ ಕೊಡಬೇಕು. ಇದನ್ನು ಕ್ವಾರಂಟೈನ್ ಟ್ಯಾಂಕಿನಲ್ಲಿ ಮಾತ್ರ ಕೊಡಿ, ಹವಳದ ಟ್ಯಾಂಕಿನಲ್ಲಿ ಬೇಡ.

ತಾಮ್ರ ಹಾಕುವುದು ರೋಗ ಕಣ್ಣಿಗೆ ಕಂಡರೆ ಮಾತ್ರ. ಉಪ್ಪಿನ ಹರಳು ಉದುರಿಸಿದಂತೆ ಚುಕ್ಕೆ ಕಂಡರೆ ಅದು ಇಕ್ ಎಂಬ ರೋಗ. ಮೈಮೇಲೆ ಧೂಳು ಕೂತಂತಾಗಿ ಉಸಿರು ಜೋರಾದರೆ ವೆಲ್ವೆಟ್, ಅದು ದಿನಗಳ ಲೆಕ್ಕದಲ್ಲಿ ಕೊಲ್ಲುತ್ತದೆ, ನೋಡೋಣ ಅಂತ ಕೂರುವಂತಿಲ್ಲ. ಅರಗೊನೈಟ್ ಮರಳು ತಾಮ್ರವನ್ನು ಹೀರಿಕೊಳ್ಳುವುದರಿಂದ ಅದನ್ನು ತೆಗೆದು ನುಣುಪಾದ ಸಿಲಿಕಾ ಮರಳಿನ ಡಬ್ಬಿ ಇಡಿ. ಔಷಧಿಯ ಮಟ್ಟವನ್ನು ಒಂದೇ ದಿನಕ್ಕಲ್ಲ, ನಾಲ್ಕೈದು ದಿನಕ್ಕೆ ಹಂಚಿ ಏರಿಸಿ, ಟೆಸ್ಟ್ ಕಿಟ್ ಇಲ್ಲದೆ ಅಂದಾಜಿನಲ್ಲಿ ಮಾಡಲೇಬೇಡಿ.

10. ಮನೆಗೆ ಬಂದ ದಿನ, ಆಮೇಲಿನ ಎರಡು ವಾರ

ಚೀಲವನ್ನು 20 ನಿಮಿಷ ತೇಲಿಬಿಟ್ಟು ಉಷ್ಣತೆ ಹೊಂದಿಸಿ. ಅಂಗಡಿಯ ಉಪ್ಪಿನಂಶ ಮೊದಲೇ ಕೇಳಿಕೊಂಡು ಕ್ವಾರಂಟೈನ್ ನೀರನ್ನು ಅದಕ್ಕೇ ಹೊಂದಿಸಿಟ್ಟರೆ ಗಂಟೆಗಟ್ಟಲೆ ಡ್ರಿಪ್ ಮಾಡುವ, ಅಂದರೆ ಚೀಲದ ನೀರಿಗೆ ಟ್ಯಾಂಕಿನ ನೀರನ್ನು ಹನಿಹನಿಯಾಗಿ ಬೆರೆಸುವ, ಕೆಲಸವೇ ಇಲ್ಲ. ದೂರದ ಊರಿಂದ ಕೊರಿಯರ್‌ನಲ್ಲಿ ಬಂದ ಚೀಲವಾದರಂತೂ ಡ್ರಿಪ್ ಬೇಡವೇ ಬೇಡ. ಚೀಲ ತೆರೆದ ಕೂಡಲೇ ಪಿಎಚ್ ಏರಿ, ಅಷ್ಟು ಹೊತ್ತು ಸುಮ್ನಿದ್ದ ಅಮೋನಿಯಾ ವಿಷವಾಗಲು ಶುರುವಾಗುತ್ತದೆ. ಬಲೆ ಹಾಕಬೇಡಿ, ಲೋಟದಲ್ಲಿ ಎತ್ತಿ ಮರಳಿನ ಡಬ್ಬಿಯ ಹತ್ತಿರ ಬಿಡಿ. ಚೀಲದ ನೀರು ಚೆಲ್ಲಿ. ದೀಪ ಆರಿಸಿ.

ಮೀನು ಮಾಯವಾಗುತ್ತದೆ.

ಎರಡು ದಿನ, ಐದು ದಿನ, ಕೆಲವೊಮ್ಮೆ ಹತ್ತು ಹನ್ನೆರಡು ದಿನ. ಕೆದಕಬೇಡಿ. ಟಾರ್ಚ್ ಹಾಕಿ ಹುಡುಕಬೇಡಿ. ಮಕ್ಕಳಿಗೂ ಹೇಳಿ, ನಿಮಗೂ ಹೇಳಿಕೊಳ್ಳಿ. ಅಮೋನಿಯಾದ ಭಯವಿದ್ದರೆ ದಿನಕ್ಕೊಮ್ಮೆ ಟೆಸ್ಟ್ ಮಾಡಿ, ಸೊನ್ನೆ ಬಂದರೆ ಮೀನು ಸತ್ತು ಕೊಳೆತಿಲ್ಲ ಅಂತ ಬಹುಮಟ್ಟಿಗೆ ನಂಬಬಹುದು. ನಾನು ಅವತ್ತು ಇಕ್ಕಳದ ಬದಲು ಟೆಸ್ಟ್ ಕಿಟ್ ಹಿಡಿದಿದ್ದರೆ ಆ ಮೀನು ಉಳಿಯುತ್ತಿತ್ತು.

ಇನ್ನೊಂದು ಸಂಗತಿ, ಅದರ ಗಡಿಯಾರ ಬೇರೆ. ಬಾಲಿ ನಮಗಿಂತ ಎರಡೂವರೆ ಗಂಟೆ ಮುಂದೆ, ಕೀನ್ಯಾ ಎರಡೂವರೆ ಗಂಟೆ ಹಿಂದೆ. ಬಾಲಿಯ ಮೀನು ನಮ್ಮ ಮಧ್ಯಾಹ್ನ ಮೂರೂವರೆ ನಾಲ್ಕಕ್ಕೆಲ್ಲ ಮಲಗಲು ಹೋಗಬಹುದು, ಕೀನ್ಯಾದ್ದು ಬೆಳಗ್ಗೆ ಒಂಬತ್ತಾದರೂ ಏಳದಿರಬಹುದು. ಅಮೆರಿಕದಲ್ಲಿರುವ ನಮ್ಮವರಿಗೆ ಈ ವ್ಯತ್ಯಾಸ ಹಗಲು ರಾತ್ರಿಯಷ್ಟೇ ಆಗುತ್ತದೆ, ಅಲ್ಲಿ ಮೀನು ನಡುರಾತ್ರಿ ಎದ್ದು ಓಡಾಡಿ ಬೆಳಗಾಗುವುದರೊಳಗೆ ಮತ್ತೆ ಮರಳು ಸೇರಿರುತ್ತದೆ, ಇವರು ಸತ್ತಿದೆ ಅಂದುಕೊಂಡಿರುತ್ತಾರೆ. ಹಾಗಾಗಿ ಬೆಳಗ್ಗೆ ಬೇಗ ಒಮ್ಮೆ, ಮಧ್ಯಾಹ್ನ ಒಮ್ಮೆ, ದೂರದಿಂದ ಕಣ್ಣಾಡಿಸಿ. ದಿನಾ ಒಂದೇ ಹೊತ್ತಿಗೆ ದೀಪ ಹಾಕಿ ಆರಿಸಿದರೆ ವಾರ ಎರಡು ವಾರದಲ್ಲಿ ನಿಮ್ಮ ಸಮಯಕ್ಕೆ ಬರುತ್ತದೆ.

ನಾಲ್ಕು ವಾರ ಮುಗಿದು ದೊಡ್ಡ ಟ್ಯಾಂಕಿಗೆ ಬಿಟ್ಟಾಗ ಇದೇ ನಾಟಕ ಇನ್ನೊಮ್ಮೆ, ಸ್ವಲ್ಪ ಕಡಿಮೆ ದಿನ.

11. ಊಟಕ್ಕೆ ಒಗ್ಗಿಸುವುದು

ಮೊದಲ ವಾರ ಜೀವಂತ ಆಹಾರವೇ. ಆಗ ತಾನೇ ಮರಿಯಾದ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸೀಗಡಿಯಂಥ ಜೀವಿ) ಎಲ್ಲಕ್ಕಿಂತ ಸುಲಭ. ಎರಡು ಲೀಟರಿನ ಸೋಡಾ ಬಾಟಲಿಯ ತಳ ಕತ್ತರಿಸಿ ತಲೆಕೆಳಗೆ ನಿಲ್ಲಿಸಿ. ಒಂದು ಲೀಟರ್ ನೀರು, 25 ಗ್ರಾಂ ಉಪ್ಪು, ಅರ್ಧ ಚಮಚ ಆರ್ಟೀಮಿಯಾ ಮೊಟ್ಟೆ, ಜೋರು ಗಾಳಿ, ಬೆಳಕು. 27 ಡಿಗ್ರಿಯಲ್ಲಿ 24 ಗಂಟೆಗೆ ಕಿತ್ತಳೆ ಬಣ್ಣದ ಮರಿಗಳು ಸಿದ್ಧ. ಡಿಸೆಂಬರಿನ ಬೆಂಗಳೂರಿನಲ್ಲಿ ಒಂದೂವರೆ ದಿನ ಹಿಡಿಯುತ್ತದೆ. ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಸಿಪ್ಪೆ ಮೇಲೆ ತೇಲುತ್ತದೆ, ಮರಿ ಕೆಳಗೆ ಸೇರುತ್ತದೆ. ಟೀ ಸೋಸುವ ಜಾಲರಿಯಲ್ಲಿ ನಿಲ್ಲಲ್ಲ, ತೆಳು ಹತ್ತಿ ಬಟ್ಟೆಯಲ್ಲಿ ಸೋಸಿ ತೊಳೆದು ಕೊಡಿ. ಮರಿಯಾಗಿ ಆರೇಳು ಗಂಟೆಯೊಳಗೆ ಕೊಟ್ಟರೇ ಸತ್ವ, ತಡವಾದಷ್ಟೂ ಅದರ ಹೊಟ್ಟೆಯ ಬಂಡವಾಳ ಅದೇ ತಿಂದು ಮುಗಿಸಿರುತ್ತದೆ. ಅಂಗಡಿಯಲ್ಲಿ ಸಿಗುವ ಟ್ಯೂಬಿಫೆಕ್ಸ್ ಹುಳ ಬೇಡ, ಅದು ಬೆಳೆಯುವುದು ಚರಂಡಿಯಂಥ ನೀರಲ್ಲಿ.

ಮರಿಗೆ ಬಾಯಿ ಹಾಕಿದ ಮೇಲೆ ಅದರ ಜೊತೆ ಫ್ರೋಜನ್ ಮೈಸಿಸ್ (ಪುಟ್ಟ ಸೀಗಡಿಯಂಥದು) ಅನ್ನು ಸಣ್ಣಗೆ ಕತ್ತರಿಸಿ ಬೆರೆಸಿ. ಮೊದಲ ದಿನ ಹತ್ತರಲ್ಲಿ ಒಂದು ಪಾಲು, ಮೂರು ದಿನಕ್ಕೊಮ್ಮೆ ಪಾಲು ಏರಿಸಿ. ಪಿಪೆಟ್‌ನಲ್ಲಿ ಸೆಳೆತದ ಜೊತೆ ತೇಲಿಬಿಡಿ, ತೇಲಿಹೋಗುವ ತುಣುಕನ್ನು ಕಂಡರೆ ಇವಕ್ಕೆ ತಡೆಯಲಾಗಲ್ಲ. ಕರಾವಳಿಯವರಿಗೆ, ಅಥವಾ ಕರಾವಳಿಯ ಮೀನು ಬರುವ ಮಾರುಕಟ್ಟೆ ಹತ್ತಿರವಿದ್ದವರಿಗೆ, ಒಂದು ಲಾಭ ಇದೆ: ಮರುವಾಯಿ, ಅಂದರೆ ತಿನ್ನುವ ಚಿಪ್ಪುಮೀನು. ತಾಜಾ ಮರುವಾಯಿ ತಂದು ಎರಡು ವಾರ ಫ್ರೀಜರಿನಲ್ಲಿಟ್ಟು, ಒಂದನ್ನು ಬಾಯಿ ತೆರೆದು ಚಿಪ್ಪಿನ ಸಮೇತ ಮರಳ ಮೇಲೆ ಇಟ್ಟರೆ ಮಂಕಾಗಿದ್ದ ಲೆಪರ್ಡ್ ಕೂಡ ಬಂದು ಕುಕ್ಕುತ್ತದೆ. ಒಂದು ಗಂಟೆಯಾದ ಮೇಲೆ ಉಳಿದದ್ದು ತೆಗೆದುಬಿಡಿ, ನೀರು ಕೆಡುತ್ತದೆ. ಮನೆಯಲ್ಲಿ ಪುಂಡಿ ಅಡುಗೆಗೆ ಅಂತ ತಂದಿಟ್ಟದ್ದಕ್ಕೆ ಕೈ ಹಾಕುವ ಮುಂಚೆ ಕೇಳಿಕೊಳ್ಳಿ, ನನಗೆ ಬೈಸಿಕೊಂಡು ಅನುಭವವಿದೆ.

ದಿನಕ್ಕೆ ಮೂರು ಸಲ, ಚೂರು ಚೂರು. ಆಫೀಸಿನ ಹೊತ್ತಿಗೆ ಬಂಡೆಯ ಹುಳ ನೋಡಿಕೊಳ್ಳುತ್ತದೆ, ಅದಕ್ಕೇ ಅಲ್ವಾ ಒಂದು ವರ್ಷ ಕಾದಿದ್ದು.

12. ಒಂದಕ್ಕಿಂತ ಹೆಚ್ಚು ಬೇಕೆಂದರೆ

ಇವೆಲ್ಲ ಹುಟ್ಟುವುದು ಹೆಣ್ಣಾಗಿ. ಗುಂಪಿನಲ್ಲಿ ಗಂಡಿಲ್ಲದಿದ್ದರೆ ದೊಡ್ಡ ಹೆಣ್ಣು ಗಂಡಾಗುತ್ತದೆ. ಮೆಲಿಯಾಗ್ರಿಸ್‌ನಲ್ಲಿ ಕಪ್ಪು ಬಿಳುಪು ಹೋಗಿ ಕೆಂಪು ಹಸಿರು ಬಲೆ ಮೂಡುತ್ತದೆ, ತಿಂಗಳುಗಟ್ಟಲೆ ನಡೆಯುವ ಈ ಬದಲಾವಣೆ ನೋಡುವುದೇ ಒಂದು ಹಬ್ಬ. ಆದ್ದರಿಂದ ಎರಡು ಮೂರು ಹೆಣ್ಣನ್ನು ಒಟ್ಟಿಗೆ, ಒಂದೇ ದಿನ ಬಿಡಿ. ಒಂದು ಸ್ವಲ್ಪ ದೊಡ್ಡದಿರಲಿ. ಎರಡು ಗಂಡು ಬೇಡ. ಆದರೆ 250 ಲೀಟರಿನಲ್ಲಿ ಒಂದೇ ಸಾಕು, ಮೂರಕ್ಕೆ 400 ಲೀಟರಾದರೂ ಬೇಕು.

13. ಬಾಡಿಗೆ ಮನೆಯವರಿಗೆ

ಹನ್ನೊಂದು ತಿಂಗಳ ಅಗ್ರಿಮೆಂಟಿನಲ್ಲಿ ರೀಫ್ ಟ್ಯಾಂಕ್ ಇಟ್ಟವರೇ ನಮ್ಮಲ್ಲಿ ಜಾಸ್ತಿ, ಅದಕ್ಕೇ ಇದನ್ನೂ ಬರೆಯುತ್ತಿದ್ದೇನೆ. ಮನೆ ಬದಲಿಸುವಾಗ ಹಗಲಲ್ಲಿ ಲೆಪರ್ಡ್ ಹಿಡಿಯಲು ಹೋದರೆ ಇಡೀ ಬಂಡೆ ಬಿಚ್ಚಬೇಕಾಗುತ್ತದೆ. ಅದು ದಿನಾ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಮಲಗುತ್ತದೆ. ಒಂದು ವಾರ ಮುಂಚಿನಿಂದ ಸಂಜೆ ಎಲ್ಲಿ ಮರಳಿಗಿಳಿಯುತ್ತದೆ ಅಂತ ನೋಡಿಟ್ಟುಕೊಳ್ಳಿ. ಹೊರಡುವ ಹಿಂದಿನ ರಾತ್ರಿ, ದೀಪ ಆರಿ ಎರಡು ಗಂಟೆಯಾದ ಮೇಲೆ, ಅಗಲ ಬಾಯಿಯ ಡಬ್ಬಿಯನ್ನು ಆ ಜಾಗದ ಒಂದು ಪಕ್ಕದಿಂದ ನಿಧಾನವಾಗಿ ತೂರಿಸಿ ಮರಳಿನ ಸಮೇತ ಎತ್ತಿ, ಎತ್ತುವಾಗಲೇ ಇನ್ನೊಂದು ಕೈಯಲ್ಲಿ ಮುಚ್ಚಳ ಹಾಕಿ. ಮರಳು, ಟ್ಯಾಂಕಿನ ನೀರು, ಬ್ಯಾಟರಿ ಏರ್ ಪಂಪ್ ಇರುವ ಬಕೆಟ್ಟಿನಲ್ಲಿ ಅದು ಹೊಸ ಮನೆಗೆ ಬರಲಿ.

ಹಳೆಯ ಮರಳನ್ನು ಹಾಗೇ ಸುರಿಯಬೇಡಿ, ತಳದಲ್ಲಿ ವರ್ಷಗಟ್ಟಲೆ ಕೂತ ಕೊಳೆ ಒಮ್ಮೆಲೇ ಮೇಲೆದ್ದರೆ ಟ್ಯಾಂಕೇ ಕೆಡುತ್ತದೆ. ಮೇಲಿನ ಪದರದ ಎರಡು ಹಿಡಿಯನ್ನು ಹುಳದ ಬಿತ್ತನೆಗೆ ಅಂತ ಬೇರೆ ಇಟ್ಟು, ಉಳಿದದ್ದನ್ನು ನೀರು ತಿಳಿಯಾಗುವವರೆಗೆ ಉಪ್ಪುನೀರಿನಲ್ಲಿ ತೊಳೆಯಿರಿ. ನಾನು ಕಳೆದ ಸಲ ಮನೆ ಬದಲಿಸಿದಾಗ ನನ್ನ ಮೀನು ಹೊಸ ಮನೆಯಲ್ಲಿ ಮೂರು ದಿನ ಕಾಣಲಿಲ್ಲ. ನಾಲ್ಕನೇ ದಿನ ಬೆಳಗ್ಗೆ ಏಳೂವರೆಗೆ ಮರಳಿನಿಂದ ಮೊದಲು ಮೂತಿ ಬಂತು, ಆಮೇಲೆ ಒಂದು ಕಣ್ಣು.